ಓಡುವಾಗ ಇರುವ ದಮ್ಮು ಈಜುವಾಗ ಎಲ್ಲಿ ಹೋಗುತ್ತದೆ?

ಪ್ರಶ್ನೆ: ವಾರಕ್ಕೆ ನಾಲ್ಕು ದಿನ 5 ಕಿ.ಮೀ. ಓಡುತ್ತೇನೆ, ಏನೂ ಆಯಾಸ ಇಲ್ಲ. ಆದರೆ ಫ್ರೀಸ್ಟೈಲ್‌ನಲ್ಲಿ (ಬೋರಲಾಗಿ, ಒಂದಾದ ಮೇಲೊಂದು ಕೈ ಬೀಸುವ ಈಜು) 25 ಮೀಟರ್ ದಾಟುವಷ್ಟರಲ್ಲಿ ಏದುಸಿರು ಬಂದು ಗೋಡೆ ಹಿಡಿದು ನಿಲ್ಲುತ್ತೇನೆ. ಉಸಿರು ಹಿಡಿಯೋದನ್ನು ಇನ್ನೂ ಜಾಸ್ತಿ ಅಭ್ಯಾಸ ಮಾಡಬೇಕಾ?

ಖಂಡಿತ ಬೇಡ. ನೀವು ಈಗಲೇ ಜಾಸ್ತಿ ಹಿಡಿಯುತ್ತಿದ್ದೀರಿ. ತೊಂದರೆ ಅಲ್ಲೇ ಇರೋದು.

ಓಡುವಾಗ ಉಸಿರು ಬಿಡೋದು ಹೇಗೆ ಅಂತ ಯಾರೂ ಯೋಚಿಸುವುದಿಲ್ಲ, ಅದು ತಾನಾಗಿ ಆಗುತ್ತದೆ. ಮುಖ ನೀರಿಗೆ ಹೋದ ಕೂಡಲೇ ನಾವು ಬಾಯಿ, ಮೂಗು ಎರಡನ್ನೂ ಬಿಗಿ ಹಿಡಿಯುತ್ತೇವೆ. ಆಮೇಲೆ ತಲೆ ಹೊರಳಿಸಿದಾಗ ಸಿಗೋದು ಒಂದು ಕ್ಷಣ. ಅಷ್ಟರಲ್ಲಿ ಹಳೇ ಗಾಳಿ ಬಿಡಬೇಕು, ಹೊಸದನ್ನು ಎಳೆದುಕೊಳ್ಳಬೇಕು. ಎರಡೂ ಅರ್ಧಂಬರ್ಧ ಆಗುತ್ತವೆ.

ಒಳಗೆಳೆಯುವ ಗಾಳಿಯಲ್ಲಿ ಸುಮಾರು ಶೇ 21ರಷ್ಟು ಆಮ್ಲಜನಕ ಇರುತ್ತದೆ. ಬಿಡುವ ಗಾಳಿಯಲ್ಲೂ ಸುಮಾರು ಶೇ 16ರಷ್ಟು ಉಳಿದಿರುತ್ತದೆ. ಅಂದರೆ ನಿಮ್ಮನ್ನು ಗೋಡೆಗೆ ಓಡಿಸುತ್ತಿರುವುದು ಆಮ್ಲಜನಕದ ಕೊರತೆ ಅಲ್ಲ. ಮೈಯಲ್ಲಿ ಕಾರ್ಬನ್ ಡೈಆಕ್ಸೈಡ್ ಸೇರಿಕೊಂಡಾಗ ಮಿದುಳು 'ಉಸಿರಾಡು, ಉಸಿರಾಡು' ಅಂತ ಕೂಗುತ್ತದೆ. ಆ ಕೂಗೇ ನಿಮ್ಮ ಗಾಬರಿ.

ನನ್ನ ಕಥೆಯೂ ಇದೇ. ನಾನು ಕಲಿತದ್ದು ತೋಟದ ಬಾವಿಯಲ್ಲಿ, ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು. ಬಾವಿಯಲ್ಲಿ ತಲೆ ಯಾವಾಗಲೂ ಮೇಲೆ. ಯಾವನು ಎಲ್ಲಿಂದ ಧುಮುಕುತ್ತಾನೋ ನೋಡಬೇಕಲ್ಲ! ಎರಡು ಸುತ್ತು ಹೊಡೆದರೆ ಮೆಟ್ಟಿಲು ಸಿಕ್ಕೇ ಸಿಗುತ್ತಿತ್ತು. ಎಷ್ಟೋ ವರ್ಷದ ಮೇಲೆ ಊರಿನ ಈಜುಕೊಳಕ್ಕೆ ಹೋದಾಗ ಕೋಚ್ ಹುಡುಗ ನನ್ನ ಒಂದು ಲ್ಯಾಪ್ ನೋಡಿ ಹೇಳಿದ್ದು ಒಂದೇ ಮಾತು: "ಸರ್, ನಿಮ್ಮ ಮುಖದ ಹತ್ರ ಗುಳ್ಳೆನೇ ಬರ್ತಿಲ್ಲ."

ಹಾಗಾಗಿ ಮೊದಲು ಗುಳ್ಳೆ. ಕೊಳದ ಅಂಚು ಹಿಡಿದು ಮುಖ ಮುಳುಗಿಸಿ, ಬಾಯಿ ಮುಚ್ಚಿ 'ಮ್‌ಮ್‌ಮ್' ಅಂತ ಗುನುಗಿ. ಗುನುಗಬೇಕಾದರೆ ಗಾಳಿ ಮೂಗಿನಿಂದ ಹೊರಗೆ ಬರಲೇಬೇಕು, ಬರುತ್ತಿರುವಾಗ ನೀರು ಒಳಗೆ ನುಗ್ಗುವುದಿಲ್ಲ. ಕೊನೆಗೆ ಬಾಯಿಂದ ಒಂದು ಪುಸ್, ಮುಖ ಮೇಲೆ, ಉಸಿರು ತಗೊಳ್ಳಿ, ಮತ್ತೆ ಒಳಗೆ. ಇಪ್ಪತ್ತು ಸಲ. ಬೇಜಾರಿನ ಕೆಲಸ, ಒಪ್ಪುತ್ತೇನೆ. ಪಕ್ಕದ ಲೇನಿನ ಮಕ್ಕಳು ನಗುತ್ತಾರೆ, ನಗಲಿ ಬಿಡಿ.

ಇದು ಸಲೀಸಾದ ಮೇಲೆ ಮಗ್ಗುಲ ಡ್ರಿಲ್. ಎಡಗೈ ಮುಂದಕ್ಕೆ ಚಾಚಿ, ಬಲಗೈ ತೊಡೆಗೆ ಅಂಟಿಸಿ, ಎಡ ಮಗ್ಗುಲಲ್ಲಿ ಕಾಲು ಬಡಿಯಿರಿ. ಕಣ್ಣು ಕೊಳದ ತಳದ ಮೇಲಿರಲಿ, ಗುಳ್ಳೆ ಬರುತ್ತಲೇ ಇರಲಿ. ಆರು ಸಲ ಬಡಿದು, ಬಾಯಿ ಮೇಲೆ ಬರುವಷ್ಟು ಮಾತ್ರ ಹೊರಳಿ ಉಸಿರು ತೆಗೆದುಕೊಂಡು, ಕೈ ಬದಲಿಸಿ ಇನ್ನೊಂದು ಮಗ್ಗುಲಿಗೆ ಬನ್ನಿ. ಹೊರಳಿದಾಗ ಗಾಗಲ್ಸ್‌ನ ಒಂದು ಗಾಜು ನೀರೊಳಗೇ ಇರಬೇಕು. ಮುಂದೆ ಸಾಗುವ ತಲೆ ನೀರನ್ನು ಸೀಳುತ್ತದೆ, ಕೆನ್ನೆಯ ಪಕ್ಕ ಒಂದು ತಗ್ಗು ಆಗುತ್ತದೆ. ಬಾಯಿಗೆ ಆ ತಗ್ಗು ಸಾಕು. ಸಾಲದು ಅಂತ ತಲೆ ಎತ್ತಿದಿರೋ, ಕೆಟ್ಟಿತು. ನೀರಲ್ಲಿ ಮೈ ಏತದ ಮರ ಇದ್ದ ಹಾಗೆ. ಈ ತುದಿ ಎದ್ದರೆ ಆ ತುದಿ ಇಳಿಯುತ್ತದೆ. ಇಳಿದ ಕಾಲನ್ನು ಎಳೆದುಕೊಂಡು ಹೋಗೋದರಲ್ಲೇ ಅರ್ಧ ದಮ್ಮು ಖಾಲಿ.

ಓಡುವವರಿಗೆ ಇನ್ನೊಂದು ರೋಗ ಇದೆ: ಸೈಕಲ್ ತುಳಿದಂತೆ ಮಂಡಿ ಮಡಚಿ ಕಾಲು ಬಡಿಯೋದು. ತೊಡೆಯ ದೊಡ್ಡ ಸ್ನಾಯುಗಳು ಆಮ್ಲಜನಕವನ್ನು ಕುಡಿದುಬಿಡುತ್ತವೆ. ಸೊಂಟದಿಂದ ಬಡಿಯಿರಿ, ಪಾದ ಸಡಿಲ ಬಿಡಿ, ಮೆಲ್ಲಗೆ.

ಮೂರು ಸ್ಟ್ರೋಕ್‌ಗೊಮ್ಮೆ (ಅಂದರೆ ಮೂರು ಸಲ ಕೈ ಬೀಸಿದಾಗ ಒಮ್ಮೆ) ಉಸಿರಾಡಬೇಕು ಅಂತ ಯಾರಾದರೂ ಹೇಳಿರಬಹುದು. ಎರಡೂ ಬದಿ ರೂಢಿಯಾಗೋಕೆ ಒಳ್ಳೆಯದೇ, ಆದರೆ ಆಮೇಲೆ. ಈಗ ಎರಡಕ್ಕೊಮ್ಮೆ ತಗೊಳ್ಳಿ, ಅವಮಾನವೇನಿಲ್ಲ. ಒಲಿಂಪಿಕ್ಸ್‌ನ 50 ಮೀಟರ್ ಫ್ರೀಸ್ಟೈಲ್ ಈಜುಗಾರರು ತಲೆ ಹೊರಳಿಸೋದೇ ಅಪರೂಪ, ನಿಜ. ಆದರೆ ಅವರಲ್ಲಿ ಗಂಡಸರ ಸ್ಪರ್ಧೆ 21 ಸೆಕೆಂಡಿನ ಆಸುಪಾಸಿನಲ್ಲಿ ಮುಗಿದೇ ಹೋಗುತ್ತದೆ!

ಕೊನೆಗೆ ನಿಮ್ಮ ಪ್ರಶ್ನೆಯಲ್ಲೇ ಇದ್ದ ಅಪಾಯದ ಮಾತು. ಜೋರಾಗಿ ಹತ್ತು ಸಲ ಉಸಿರೆಳೆದು, ನೀರೊಳಗೆ ಎಷ್ಟು ದೂರ ಹೋಗುತ್ತೇನೆ ಅಂತ ಪಂದ್ಯ ಕಟ್ಟಬೇಡಿ. ಹಾಗೆ ಮಾಡಿದರೆ ಕಾರ್ಬನ್ ಡೈಆಕ್ಸೈಡ್ ಇಳಿದು ಮಿದುಳಿನ ಕೂಗು ತಡವಾಗುತ್ತದೆ, ಅಷ್ಟರೊಳಗೆ ಆಮ್ಲಜನಕ ಮುಗಿದು ಸದ್ದಿಲ್ಲದೆ ಪ್ರಜ್ಞೆ ತಪ್ಪುತ್ತದೆ. ಎದೆಮಟ್ಟದ ನೀರಲ್ಲೂ, ಚೆನ್ನಾಗಿ ಈಜುವವರಿಗೂ ಹೀಗಾಗಿದೆ.

ನೀವು ಮಾಡಬೇಕಾದ್ದು: 25 ಮೀಟರ್ ನಿಧಾನ, ಉಸಿರು ಹದಕ್ಕೆ ಬರುವ ತನಕ ವಿಶ್ರಾಂತಿ, ಮತ್ತೆ 25. ಎಂಟು ಸಲ. ಗೋಡೆ ಮುಟ್ಟಿದ ತಕ್ಷಣ ಪಕ್ಕದವರಿಗೆ ನಿಮ್ಮ ಫೋನ್ ನಂಬರಿನ ಹತ್ತೂ ಅಂಕಿ ಒಂದೇ ಉಸಿರಿಗೆ ಹೇಳೋಕೆ ಆಗುತ್ತಾ? ಆದ ದಿನ 50ಕ್ಕೆ ಹೊರಡಿ.