ಬೇಡ ಅಂದ ಔಟ್‌ಫೀಲ್ಡರ್

2024ರ ಡಿಸೆಂಬರ್‌ನಲ್ಲಿ ಹುವಾನ್ ಸೊಟೊ ಎಂಬ ಬೇಸ್‌ಬಾಲ್ ಔಟ್‌ಫೀಲ್ಡರ್ (ಮೈದಾನದ ದೂರದ ಭಾಗ ಕಾಯುವ ಆಟಗಾರ) ನ್ಯೂಯಾರ್ಕ್ ಮೆಟ್ಸ್ ತಂಡದ ಜೊತೆ 15 ವರ್ಷದ ಒಪ್ಪಂದ ಮಾಡಿಕೊಂಡರು. ಮೊತ್ತ 76.5 ಕೋಟಿ ಡಾಲರ್. ಒಬ್ಬ ಆಟಗಾರನಿಗೆ ಇಷ್ಟೊಂದಾ ಅಂತ ಬಹಳ ಜನ ಕೇಳಿದರು. ಸಂಬಳಕ್ಕೆ ಮಿತಿ ಹಾಕಬೇಕು ಅನ್ನುವ ಹಳೇ ವಾದ ಮತ್ತೆ ಎದ್ದಿತು. ಮಾಲೀಕರಿಗೂ ಆಟಗಾರರ ಸಂಘಕ್ಕೂ ಆಗಿರುವ ಒಪ್ಪಂದದ ಅವಧಿ 2026ರ ಡಿಸೆಂಬರ್ 1ರವರೆಗೆ. ಹಾಗಾಗಿ ಮಾತು ತಣ್ಣಗಾಗುವ ಲಕ್ಷಣವಿಲ್ಲ.

ಈ ಜಗಳದ ಸುದ್ದಿ ಓದಲು ಕೂತರೆ ತಲೆ ಕೆಟ್ಟುಹೋಗುತ್ತದೆ. ಫ್ರೀ ಏಜೆಂಟ್, ಆರ್ಬಿಟ್ರೇಶನ್, ಆಂಟಿಟ್ರಸ್ಟ್ ವಿನಾಯಿತಿ, ಹತ್ತು-ಐದು ನಿಯಮ. ಒಂದೊಂದಕ್ಕೂ ಒಂದೊಂದು ಕಥೆ. ಆದರೆ ಯಾವ ಎಳೆ ಹಿಡಿದು ಹಿಂದಕ್ಕೆ ಹೋದರೂ ದಾರಿಯಲ್ಲಿ ಒಬ್ಬರು ಸಿಕ್ಕೇ ಸಿಗುತ್ತಾರೆ. ಅವರೂ ಔಟ್‌ಫೀಲ್ಡರೇ. ಹೆಸರು ಕರ್ಟ್ ಫ್ಲಡ್.

ಅವರ ಕಥೆಗೆ ಮೊದಲು, ಆಟಗಾರರನ್ನು ಕಟ್ಟಿಹಾಕಿದ್ದ ಒಂದು ಷರತ್ತಿನ ಕಥೆ ಹೇಳಬೇಕು. 1879ರಲ್ಲಿ ತಂಡಗಳ ಮಾಲೀಕರು ತಮ್ಮತಮ್ಮಲ್ಲೇ ಒಂದು ಮಾತಿಗೆ ಬಂದರು: ಪ್ರತಿ ತಂಡ ಐದು ಆಟಗಾರರನ್ನು ‘ಕಾದಿರಿಸಬಹುದು’, ಅವರನ್ನು ಉಳಿದವರು ಮುಟ್ಟುವಂತಿಲ್ಲ. ಐದು ಬೆಳೆಯುತ್ತಾ ಹೋಗಿ ಇಡೀ ತಂಡವೇ ಆಯಿತು. ಇದೇ ರಿಸರ್ವ್ ಷರತ್ತು. ಕಾಗದದ ಮೇಲೆ ಆಟಗಾರನ ಒಪ್ಪಂದ ಒಂದೇ ವರ್ಷದ್ದು. ಆದರೆ ಅದರಲ್ಲಿ ಒಂದು ಸಾಲು ಇತ್ತು. ಸಂಬಳದ ಮಾತು ಕುದುರದಿದ್ದರೆ, ಅದೇ ಷರತ್ತುಗಳ ಮೇಲೆ ತಂಡ ಇನ್ನೊಂದು ವರ್ಷ ಮುಂದುವರಿಸಬಹುದು. ‘ಅದೇ ಷರತ್ತುಗಳು’ ಅಂದಮೇಲೆ ಮುಂದುವರಿಸುವ ಷರತ್ತೂ ಅದರೊಳಗೇ ಬಂತಲ್ಲ, ಅಂತ ಮಾಲೀಕರು ಓದಿಕೊಂಡರು. ವರ್ಷದ ಮೇಲೆ ವರ್ಷ, ಕೊನೆಯೇ ಇಲ್ಲ. ತಂಡ ನಿನ್ನನ್ನು ಮಾರಬಹುದು, ಅದಲು ಬದಲು ಮಾಡಬಹುದು, ಕೈಬಿಡಬಹುದು. ನೀನು ಮಾತ್ರ ಆಡಬೇಕು, ಇಲ್ಲವೇ ಮನೆಗೆ ಹೋಗಬೇಕು.

ನಮಗೆ ಐಪಿಎಲ್ ಹರಾಜು ನೋಡಿ ಅಭ್ಯಾಸವಾಗಿದೆ. 2022ರಲ್ಲಿ ಬೆಂಗಳೂರಿನಲ್ಲೇ ಎರಡು ದಿನ ಸುತ್ತಿಗೆ ಬಡಿದರು. ‘ಇಷ್ಟಕ್ಕೆ ಮಾರಾಟವಾದ’ ಅನ್ನುವ ಮಾತು ಈಗ ಕಿವಿಗೆ ಚುಚ್ಚುವುದೂ ಇಲ್ಲ. ಆದರೆ ಅಲ್ಲಿ ಹರಾಜಿಗೆ ಹೆಸರು ಕೊಡುವುದು ಆಟಗಾರನೇ, ಒಪ್ಪಂದಕ್ಕೆ ಕೊನೆ ಅಂತ ಒಂದಿದೆ. ಫ್ಲಡ್ ಕಾಲದ ಬೇಸ್‌ಬಾಲ್‌ನಲ್ಲಿ ಅದೇ ಇರಲಿಲ್ಲ.

ಇದು ನಡೆದುಬಂದದ್ದಕ್ಕೆ ಕೋರ್ಟಿನ ಬೆಂಬಲವೂ ಇತ್ತು. ಬೇಸ್‌ಬಾಲ್ ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರ ಅಲ್ಲ, ಆದ್ದರಿಂದ ಏಕಸ್ವಾಮ್ಯ ತಡೆಯುವ ಆಂಟಿಟ್ರಸ್ಟ್ ಕಾನೂನು ಇದಕ್ಕೆ ತಾಗುವುದಿಲ್ಲ ಅಂತ 1922ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. 1953ರಲ್ಲಿ ಅದನ್ನೇ ಎತ್ತಿಹಿಡಿಯಿತು. ಬಾಕ್ಸಿಂಗ್‌ಗೆ, ಅಮೆರಿಕನ್ ಫುಟ್‌ಬಾಲ್‌ಗೆ ಆ ರಿಯಾಯಿತಿ ಸಿಗಲಿಲ್ಲ. ಬೇಸ್‌ಬಾಲ್‌ಗೆ ಮಾತ್ರ ಸಿಕ್ಕಿತು.

ಇನ್ನು ಫ್ಲಡ್. ಹುಟ್ಟಿದ್ದು 1938ರಲ್ಲಿ, ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲಿ. ಬೆಳೆದದ್ದು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ. ಮುಂದೆ ದೊಡ್ಡ ಹೆಸರು ಮಾಡಿದ ಫ್ರ್ಯಾಂಕ್ ರಾಬಿನ್ಸನ್, ವಾಡಾ ಪಿನ್ಸನ್ ಅದೇ ಬೀದಿಗಳಲ್ಲಿ ಆಡಿ ಬೆಳೆದವರು. 1956ರಲ್ಲಿ 18ರ ಹುಡುಗನನ್ನು ಸಿನ್ಸಿನಾಟಿ ತಂಡ 4,000 ಡಾಲರ್‌ಗೆ ಸೇರಿಸಿಕೊಂಡು, ಪಳಗಲಿ ಅಂತ ದಕ್ಷಿಣದ ಸಣ್ಣ ಲೀಗ್‌ಗಳಿಗೆ ಕಳಿಸಿತು. ಕರಿಯರಿಗೆ ಬೇರೆ ಹೋಟೆಲು, ಬೇರೆ ನಲ್ಲಿ, ಬೇರೆ ಬಾಗಿಲು ಇದ್ದ ದಿನಗಳು ಅವು.

1957ರಲ್ಲಿ ಜಾರ್ಜಿಯಾದ ಸವಾನ್ನಾದಲ್ಲಿ ನಡೆದ ಒಂದು ಸಂಗತಿಯನ್ನು ಫ್ಲಡ್ ಬಹಳ ವರ್ಷಗಳ ನಂತರವೂ ಹೇಳುತ್ತಿದ್ದರು. ಅವತ್ತು ಒಂದೇ ದಿನ ಎರಡು ಪಂದ್ಯ. ಮೊದಲನೆಯದು ಮುಗಿದ ಮೇಲೆ ಎಲ್ಲರೂ ಬೆವರಿನಲ್ಲಿ ತೊಯ್ದ ಬಟ್ಟೆ ಬಿಚ್ಚಿ ನೆಲದ ಮೇಲೆ ಒಂದೇ ರಾಶಿಗೆ ಎಸೆದರು. ಇವನೂ ಎಸೆದ. ಬಟ್ಟೆ ನೋಡಿಕೊಳ್ಳುತ್ತಿದ್ದವನು ಕೂಗಿಕೊಂಡ. ಉದ್ದನೆಯ ಕೋಲು ತಂದು, ಕೈ ತಾಗದ ಹಾಗೆ, ಇವನ ಬಟ್ಟೆಯನ್ನಷ್ಟೇ ರಾಶಿಯಿಂದ ಎತ್ತಿ ಬೇರೆ ಇಟ್ಟ. ಅದನ್ನು ಕರಿಯರ ಲಾಂಡ್ರಿಗೆ ಕಳಿಸಿದರು. ಉಳಿದವರು ಒಗೆದ ಬಟ್ಟೆ ಹಾಕಿಕೊಂಡು ಮೈದಾನಕ್ಕೆ ಇಳಿದರು. ಈ ಹುಡುಗ ಬರಿಮೈಯಲ್ಲಿ ಕಾಯುತ್ತಾ ಕೂತ. ಬಟ್ಟೆ ಬಂದು ಹೊರಗೆ ಓಡಿದಾಗ, ತಡ ಮಾಡಿದ್ದಕ್ಕೆ ಪ್ರೇಕ್ಷಕರು ಛೀಮಾರಿ ಹಾಕಿದರು. ಮಡಿ-ಮೈಲಿಗೆ ನೋಡಿ ಬೆಳೆದ ನಮಗೆ ಆ ಕೋಲಿನ ಬಗ್ಗೆ ಜಾಸ್ತಿ ವಿವರಿಸಬೇಕಾಗಿಲ್ಲ.

ಅದೇ ವರ್ಷದ ಕೊನೆಗೆ ಸಿನ್ಸಿನಾಟಿ ಅವನನ್ನು ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೆ ಕೊಟ್ಟಿತು. ಕೇಳಿದವರಾರು? ಯಾರೂ ಇಲ್ಲ. ಆಗ ಫ್ಲಡ್ ಕೂಡ ಸುಮ್ನೆ ಹೋದರು.

ಅಲ್ಲಿ 12 ವರ್ಷ. ಜಾಗ ಸೆಂಟರ್ ಫೀಲ್ಡ್. ಕ್ರಿಕೆಟ್ ಲೆಕ್ಕದಲ್ಲಿ ಹೇಳುವುದಾದರೆ ಲಾಂಗ್ ಆನ್, ಲಾಂಗ್ ಆಫ್ ಎರಡನ್ನೂ ಒಬ್ಬನೇ ಕಾದ ಹಾಗೆ. 1963ರಿಂದ 1969ರವರೆಗೆ ಏಳು ವರ್ಷ ಸತತವಾಗಿ, ಒಳ್ಳೆಯ ಫೀಲ್ಡರ್‌ಗೆ ಕೊಡುವ ಗೋಲ್ಡ್ ಗ್ಲೋವ್ ಇವರದ್ದೇ. 1965ರಿಂದ 1967ರ ನಡುವೆ ಸತತ 226 ಪಂದ್ಯಗಳಲ್ಲಿ ಫೀಲ್ಡಿಂಗ್‌ನಲ್ಲಿ ಒಂದೂ ತಪ್ಪು ಮಾಡಲಿಲ್ಲ. 1964 ಮತ್ತು 1967ರಲ್ಲಿ ತಂಡ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಕೊನೆಯ ಪ್ರಶಸ್ತಿ ಸರಣಿ, ಗೆದ್ದಿತು. 1968ರಲ್ಲೂ ಗೆಲ್ಲಬೇಕಿತ್ತು. ಡೆಟ್ರಾಯಿಟ್ ವಿರುದ್ಧ ಏಳನೇ ಪಂದ್ಯ, ಏಳನೇ ಇನಿಂಗ್ಸ್, ಯಾರದ್ದೂ ಒಂದು ರನ್ ಇಲ್ಲ. ಜಿಮ್ ನಾರ್ತ್‌ರಪ್ ಹೊಡೆದ ಚೆಂಡಿಗೆ ಫ್ಲಡ್ ಮುಂದಕ್ಕೆ ಹೆಜ್ಜೆ ಇಟ್ಟರು, ಅಂದಾಜು ತಪ್ಪಿತು ಅಂತ ಗೊತ್ತಾಗಿ ಹಿಂದೆ ತಿರುಗುವಾಗ ಕಾಲು ಜಾರಿತು. ಚೆಂಡು ತಲೆಯ ಮೇಲಿಂದ ಹೋಯಿತು. ಎರಡು ರನ್. ಪಂದ್ಯವೂ ಹೋಯಿತು, ಸರಣಿಯೂ ಹೋಯಿತು. ಅಷ್ಟು ವರ್ಷ ಕೈಗೆ ಬಂದದ್ದನ್ನೆಲ್ಲ ಹಿಡಿದವರನ್ನು ಜನ ಆ ಒಂದು ಚೆಂಡಿಗೂ ಸೇರಿಸಿ ನೆನಪಿಟ್ಟುಕೊಂಡರು.

1969ರ ಅಕ್ಟೋಬರ್. ಬೆಳಗಿನ ಜಾವ ಫೋನ್ ಬಂತು, ಆ ಕಡೆ ಒಬ್ಬ ವರದಿಗಾರ. ನಿಮ್ಮನ್ನು ಫಿಲಡೆಲ್ಫಿಯಾ ತಂಡಕ್ಕೆ ಕೊಟ್ಟಿದ್ದಾರೆ ಅಂದ. ಇವರು ಮತ್ತು ಇನ್ನು ಮೂವರು ಆ ಕಡೆಗೆ, ಡಿಕ್ ಆ್ಯಲನ್ ಸೇರಿ ಮೂವರು ಈ ಕಡೆಗೆ. ಕಾರ್ಡಿನಲ್ಸ್ ಕಳಿಸಿದ ಅಧಿಕೃತ ಸುದ್ದಿ ಅಂದರೆ ಅಚ್ಚು ಹಾಕಿದ ಒಂದು ನಮೂನೆ ಕಾಗದ.

ಆಗ ಫ್ಲಡ್ ಸಂಬಳ ವರ್ಷಕ್ಕೆ 90,000 ಡಾಲರ್. ಕನಿಷ್ಠ ಸಂಬಳ 10,000ದ ಆಸುಪಾಸು ಇದ್ದ ಕಾಲ ಅದು. ಫಿಲಡೆಲ್ಫಿಯಾದವರು ಕೊಡಲು ಮುಂದೆ ಬಂದದ್ದೂ ಕಡಿಮೆ ಏನಲ್ಲ. ಅಂದರೆ ಹಸಿವಿನ ಪ್ರಶ್ನೆ ಇರಲಿಲ್ಲ. ಅದಕ್ಕೇ ಈ ಕಥೆ ಬಹಳ ಜನಕ್ಕೆ ಅರ್ಥವಾಗಲಿಲ್ಲ.

ಆಟಗಾರರ ಸಂಘದ ಮುಖ್ಯಸ್ಥ ಮಾರ್ವಿನ್ ಮಿಲ್ಲರ್ ಹತ್ತಿರ ಹೋಗಿ ಫ್ಲಡ್ ಕೇಸ್ ಹಾಕುವ ಮಾತೆತ್ತಿದರು. ಮಿಲ್ಲರ್ ಉಕ್ಕಿನ ಕಾರ್ಮಿಕರ ಸಂಘದಲ್ಲಿ ಪಳಗಿದವರು, ಸುಳ್ಳು ಧೈರ್ಯ ತುಂಬಲಿಲ್ಲ. ಗೆಲ್ಲುವುದು ಕಷ್ಟ, ಗೆದ್ದರೂ ನಿಮಗೆ ಲಾಭವಿಲ್ಲ, ನಿಮ್ಮ ಆಟದ ಬದುಕು ಮುಗಿದ ಹಾಗೆ ಅಂದರು. ಮುಂದೆ ಬರುವವರಿಗೆ ಅನುಕೂಲ ಆಗುತ್ತದಾ ಅಂತ ಫ್ಲಡ್ ಕೇಳಿದರು. ಆಗುತ್ತದೆ ಅಂದಾಗ, ಹಾಗಾದರೆ ಸರಿ ಅಂದರು. ಡಿಸೆಂಬರ್‌ನಲ್ಲಿ ಪೋರ್ಟೊ ರಿಕೊದ ಸಾನ್ ಹುವಾನ್‌ನಲ್ಲಿ ಸಂಘದ ಪ್ರತಿನಿಧಿಗಳು ಇವರನ್ನು ಕೂರಿಸಿಕೊಂಡು ಸವಾಲು ಹಾಕಿದರು. ಇದು ಕರಿಯ ಅನ್ನುವ ಕಾರಣಕ್ಕೆ ಮಾಡುತ್ತಿರುವುದಾ ಅಂತಲೂ ಒಬ್ಬರು ಕೇಳಿದರು. ಕೊನೆಗೆ ಒಬ್ಬರೂ ವಿರೋಧಿಸದೆ ಖರ್ಚು ಕೊಡಲು ಒಪ್ಪಿದರು.

ಡಿಸೆಂಬರ್ 24ಕ್ಕೆ ಫ್ಲಡ್ ಬೇಸ್‌ಬಾಲ್ ಆಡಳಿತದ ಮುಖ್ಯಸ್ಥ, ಕಮಿಷನರ್ ಬೋವಿ ಕೂನ್ ಅವರಿಗೆ ಒಂದು ಚಿಕ್ಕ ಪತ್ರ ಬರೆದರು. 12 ವರ್ಷ ಈ ಆಟದಲ್ಲಿದ್ದ ಮೇಲೆ, ನನ್ನ ಇಷ್ಟ ಕೇಳದೆ ಕೊಂಡು ಮಾರುವ ಆಸ್ತಿ ನಾನು ಅಂತ ನನಗೆ ಅನಿಸುವುದಿಲ್ಲ. ಬೇರೆ ತಂಡಗಳ ಆಹ್ವಾನವನ್ನೂ ನೋಡುವ ಹಕ್ಕು ನನಗಿದೆ, ಇದನ್ನು ಎಲ್ಲ ತಂಡಗಳಿಗೂ ತಿಳಿಸಿ. ಇಷ್ಟೇ ಸಾರಾಂಶ. ನೀವು ಆಸ್ತಿಯಲ್ಲ ಅನ್ನುವುದು ಸರಿ, ಆದರೆ ಅದಕ್ಕೂ ಇದಕ್ಕೂ ಸಂಬಂಧ ಕಾಣೆ ಅನ್ನುವ ಅರ್ಥದ ಉತ್ತರ ಬಂತು.

1970ರ ಜನವರಿಯಲ್ಲಿ ಕೇಸ್ ದಾಖಲಾಯಿತು. ಟಿವಿಯಲ್ಲಿ ಕೇಳಿದರು: ಇಷ್ಟು ಸಂಬಳ ತಗೊಂಡು ಗುಲಾಮಗಿರಿ ಅಂತೀರಲ್ಲ? ಒಳ್ಳೆ ಸಂಬಳದ ಗುಲಾಮನೂ ಗುಲಾಮನೇ ಅಂದರು ಫ್ಲಡ್. ಪತ್ರಿಕೆಗಳಿಗೆ ಈ ಮಾತು ವಿಪರೀತ ಅನಿಸಿತು. ನನಗನಿಸುವುದು, ‘ಜೀತ’ ಅನ್ನುವ ಪದ ಅವರ ಭಾಷೆಯಲ್ಲಿ ಇದ್ದಿದ್ದರೆ ಅರ್ಧ ವಾದ ಅಲ್ಲೇ ಮುಗಿಯುತ್ತಿತ್ತು. ಜೀತದಾಳಿಗೆ ಊಟ, ಬಟ್ಟೆ ಎಲ್ಲ ಸಿಕ್ಕೀತು. ಪಕ್ಕದ ಮನೆಗೆ ದುಡಿಯಲು ಹೋಗುತ್ತೇನೆ ಅನ್ನುವ ಹಾಗಿಲ್ಲ, ಅಷ್ಟೇ.

ಮೇ ತಿಂಗಳಲ್ಲಿ ನ್ಯೂಯಾರ್ಕ್‌ನಲ್ಲಿ ವಿಚಾರಣೆ. ಬೇಸ್‌ಬಾಲ್‌ನ ಅತಿ ಮೇಲಿನ ಹಂತವಾದ ಮೇಜರ್ ಲೀಗ್‌ನಲ್ಲಿ ಕರಿಯರನ್ನು ಹೊರಗಿಟ್ಟಿದ್ದ ಬಣ್ಣದ ಗೋಡೆ ಒಡೆದ ಜಾಕಿ ರಾಬಿನ್ಸನ್ ಬಂದು ಫ್ಲಡ್ ಪರ ಸಾಕ್ಷಿ ಹೇಳಿದರು. ಆಗಲೇ ಕೂದಲು ಬೆಳ್ಳಗಾಗಿ, ಆರೋಗ್ಯ ಕೈಕೊಟ್ಟಿತ್ತು. ಹಳೆಯ ದೊಡ್ಡ ಹೊಡೆತಗಾರ ಹ್ಯಾಂಕ್ ಗ್ರೀನ್‌ಬರ್ಗ್ ಬಂದರು. ತಂಡದ ಮಾಲೀಕರಾಗಿದ್ದ ಬಿಲ್ ವೆಕ್ ಬಂದರು. ಆಗ ಆಡುತ್ತಿದ್ದವರಲ್ಲಿ ಮಾತ್ರ ಒಬ್ಬರೂ ಬರಲಿಲ್ಲ. ಸಾಕ್ಷಿ ಹೇಳುವುದಿರಲಿ, ಹಿಂದಿನ ಬೆಂಚಿನಲ್ಲಿ ಕೂರಲೂ ಬರಲಿಲ್ಲ. ಅವರ ಭಯ ಸುಳ್ಳೇನಲ್ಲ, ಮರುವರ್ಷದ ಒಪ್ಪಂದ ಇನ್ನೊಬ್ಬರ ಕೈಯಲ್ಲಿತ್ತು. ಆದರೂ ಈ ಪ್ರಕರಣದ ಬಗ್ಗೆ ಓದುವಾಗೆಲ್ಲ ಆ ಖಾಲಿ ಬೆಂಚುಗಳೇ ಕಣ್ಣಿಗೆ ಬರುತ್ತವೆ.

ಕೆಳಗಿನ ಕೋರ್ಟ್‌ಗಳಲ್ಲಿ ಸೋಲು. 1972ರ ಜೂನ್ 19ಕ್ಕೆ ಸುಪ್ರೀಂ ಕೋರ್ಟ್ ತೀರ್ಪು, 5-3ರಲ್ಲಿ ಅಲ್ಲೂ ಸೋಲು. ನ್ಯಾಯಮೂರ್ತಿ ಬ್ಲ್ಯಾಕ್‌ಮನ್ ಬರೆದ ಆ ತೀರ್ಪು ವಿಚಿತ್ರವಾಗಿದೆ. ಶುರುವಿನಲ್ಲಿ ಬೇಸ್‌ಬಾಲ್‌ನ ಭಜನೆ, 80ಕ್ಕೂ ಹೆಚ್ಚು ಹಳೆಯ ಆಟಗಾರರ ಹೆಸರಿನ ಪಟ್ಟಿ. ಬಹುಮತದಲ್ಲಿದ್ದ ಇಬ್ಬರು ನ್ಯಾಯಮೂರ್ತಿಗಳೇ ಆ ಭಾಗಕ್ಕೆ ಸಹಿ ಹಾಕಲಿಲ್ಲ. ಪಟ್ಟಿಯಲ್ಲಿ ಮೆಲ್ ಆಟ್ ಎಂಬ ಔಟ್‌ಫೀಲ್ಡರ್ ಹೆಸರು ಬಿಟ್ಟುಹೋದದ್ದಕ್ಕೆ ಬ್ಲ್ಯಾಕ್‌ಮನ್ ಆಮೇಲೆ ಪೇಚಾಡಿಕೊಂಡರಂತೆ. ಭಜನೆಯ ನಂತರ ವಿಷಯ: ಬೇಸ್‌ಬಾಲ್ ವ್ಯಾಪಾರವೇ ಹೌದು, ಅದಕ್ಕೆ ಕೊಟ್ಟ ವಿನಾಯಿತಿ ಅಸಂಗತವೂ ಹೌದು. ಆದರೆ ಇಷ್ಟು ವರ್ಷದಿಂದ ನಡೆದುಬಂದಿದೆ, ಸರಿಪಡಿಸಬೇಕಾದ್ದು ಸಂಸತ್ತು. ತಪ್ಪು ಅಂತ ಒಪ್ಪಿಕೊಂಡೇ ತಪ್ಪನ್ನು ಉಳಿಸಿಕೊಂಡ ಹಾಗೆ, ಅಲ್ವಾ? 1953ರ ತೀರ್ಪಿಗೆ ತಾವು ದನಿಗೂಡಿಸಿದ್ದಕ್ಕೆ ಈಗ ವಿಷಾದವಿದೆ ಅಂತ ನ್ಯಾಯಮೂರ್ತಿ ಡಗ್ಲಸ್ ಭಿನ್ನಮತದಲ್ಲಿ ಬರೆದರು.

ತೀರ್ಪು ಬರುವಾಗ ಫ್ಲಡ್ ಅಮೆರಿಕದಲ್ಲೇ ಇರಲಿಲ್ಲ. 1970ರ ಇಡೀ ಸೀಸನ್ ಆಡಿರಲಿಲ್ಲ, ದುಡ್ಡಿಲ್ಲ, ಟಪಾಲಿನಲ್ಲಿ ಬೈಗುಳ, ಬೆದರಿಕೆ. 1971ರಲ್ಲಿ ವಾಷಿಂಗ್ಟನ್ ಸೆನೆಟರ್ಸ್ ತಂಡ 1,10,000 ಡಾಲರ್ ಕೊಟ್ಟು ಕರೆಯಿತು. ಹೋದರು, ಆದರೆ ಕೈಕಾಲು ಮೊದಲಿನ ಹಾಗಿರಲಿಲ್ಲ. 13 ಪಂದ್ಯ, ಏಳು ಹಿಟ್. ಏಪ್ರಿಲ್ ಮುಗಿಯುವ ಮೊದಲೇ ಮಾಲೀಕರಿಗೆ ಒಂದು ತಂತಿ ಕೊಟ್ಟು ವಿಮಾನ ಹತ್ತಿದರು. ಸ್ಪೇನ್‌ನ ಮಯೋರ್ಕ ದ್ವೀಪದಲ್ಲಿ ಬಾರ್ ನಡೆಸಿದರು. ಕುಡಿತ ಜೋರಾಗಿತ್ತು. 33 ವರ್ಷಕ್ಕೆ ಆಟ ಮುಗಿದಿತ್ತು.

ಆಮೇಲಿನದು ಸರಸರ ನಡೆಯಿತು. ಕೋರ್ಟಿನ ಬಾಗಿಲು ಮುಚ್ಚಿದ್ದಕ್ಕೆ ಮಿಲ್ಲರ್ ಬೇರೆ ಬಾಗಿಲು ತಟ್ಟಿದರು. ಆಂಡಿ ಮೆಸ್ಸರ್‌ಸ್ಮಿತ್, ಡೇವ್ ಮೆಕ್‌ನ್ಯಾಲಿ ಎಂಬ ಇಬ್ಬರು ಪಿಚರ್‌ಗಳು (ಚೆಂಡು ಎಸೆಯುವವರು) 1975ರಲ್ಲಿ ಹೊಸ ಒಪ್ಪಂದಕ್ಕೆ ಸಹಿ ಹಾಕಲಿಲ್ಲ. ವರ್ಷ ಮುಗಿದ ಮೇಲೆ ನಾವಿನ್ನು ಸ್ವತಂತ್ರರು ಅಂದರು. ಮಾಲೀಕರಿಗೂ ಸಂಘಕ್ಕೂ ನಡುವೆ ಪಂಚಾಯ್ತಿಗೆ ಕೂತ ಆರ್ಬಿಟ್ರೇಟರ್ ಪೀಟರ್ ಸೈಟ್ಸ್ ಅದೇ ಹಳೇ ಸಾಲನ್ನು ಓದಿದರು. ‘ಇನ್ನೊಂದು ವರ್ಷ’ ಅಂದರೆ ಇನ್ನೊಂದೇ ವರ್ಷ ಅಂತ ಡಿಸೆಂಬರ್ 23ಕ್ಕೆ ತೀರ್ಪು ಕೊಟ್ಟರು. ಸುಮಾರು ಒಂದು ಶತಮಾನ ನಿಂತಿದ್ದ ಕಟ್ಟಡ ವ್ಯಾಕರಣಕ್ಕೆ ಬಿತ್ತು. ಮಾಲೀಕರು ಸೈಟ್ಸ್ ಅವರನ್ನು ತಕ್ಷಣ ಕೆಲಸದಿಂದ ತೆಗೆದರು. 1976ರ ಒಪ್ಪಂದದಲ್ಲಿ ಆರು ವರ್ಷ ಆಡಿದವರು ಫ್ರೀ ಏಜೆಂಟ್ ಆಗಬಹುದು, ಅಂದರೆ ಇಷ್ಟಬಂದ ತಂಡದ ಜೊತೆ ಒಪ್ಪಂದ ಮಾಡಿಕೊಳ್ಳಬಹುದು ಅಂತ ಬಂತು. ಇವತ್ತಿಗೂ ಲೆಕ್ಕ ಆರು ವರ್ಷವೇ. ಸೊಟೊ ಅವರ 76.5 ಕೋಟಿ ಬಂದದ್ದು ಆ ಬಾಗಿಲಿನಿಂದ.

ಅದಕ್ಕೂ ಮೊದಲೇ, 1973ರಲ್ಲಿ, ಹತ್ತು-ಐದು ನಿಯಮ ಬಂದಿತ್ತು. ಹತ್ತು ವರ್ಷ ಆಡಿ, ಅದರಲ್ಲಿ ಕೊನೆಯ ಐದು ಒಂದೇ ತಂಡದಲ್ಲಿ ಕಳೆದವರು ತಮ್ಮನ್ನು ಬೇರೆ ತಂಡಕ್ಕೆ ಅದಲು ಬದಲು ಮಾಡುವುದು ಬೇಡ ಅನ್ನಬಹುದು. ಅದು 1969ರಲ್ಲಿ ಇದ್ದಿದ್ದರೆ, ಆ ಫೋನ್ ಬಂದ ದಿನ ಫ್ಲಡ್ ಬೇಡ ಅಂದಿದ್ದರೆ ಸಾಕಿತ್ತು.

ಅವರು ಓಕ್‌ಲ್ಯಾಂಡ್‌ಗೆ ಮರಳಿದರು, ಕೆಲಕಾಲ ರೇಡಿಯೊ ವೀಕ್ಷಕ ವಿವರಣೆ ಮಾಡಿದರು, ಮಕ್ಕಳ ಲೀಗ್ ನೋಡಿಕೊಂಡರು, ಕುಡಿತ ಬಿಟ್ಟರು. 1997ರ ಜನವರಿ 20ಕ್ಕೆ ಗಂಟಲ ಕ್ಯಾನ್ಸರ್‌ನಿಂದ ತೀರಿಕೊಂಡರು, 59 ವರ್ಷ. ಬೇಸ್‌ಬಾಲ್‌ನ ದೊಡ್ಡವರನ್ನು ಗೌರವಿಸುವ ಹಾಲ್ ಆಫ್ ಫೇಮ್‌ನಲ್ಲಿ ಅವರ ಹೆಸರಿಲ್ಲ. 2020ರಲ್ಲಿ ಅಮೆರಿಕದ ನೂರಕ್ಕೂ ಹೆಚ್ಚು ಸಂಸದರು ಸೇರಿಸಿ ಅಂತ ಪತ್ರ ಬರೆದದ್ದೂ ಆಯಿತು.

ಸಂಸತ್ತು ಸರಿಪಡಿಸಲಿ ಅಂತ ಕೋರ್ಟ್ ಹೇಳಿತ್ತಲ್ಲ, ಸಂಸತ್ತು 1998ರಲ್ಲಿ ಸರಿಪಡಿಸಿತು. ಕಾನೂನಿಗೆ ಕರ್ಟ್ ಫ್ಲಡ್ ಹೆಸರನ್ನೇ ಇಟ್ಟರು. ಆದರೆ ಅದು ಅನ್ವಯಿಸುವುದು ಮೇಜರ್ ಲೀಗ್ ಆಟಗಾರರಿಗೆ ಮಾತ್ರ. ಸವಾನ್ನಾದಂಥ ಊರುಗಳ ಸಣ್ಣ ಲೀಗ್‌ಗಳಲ್ಲಿ ಆಡುವ ಹದಿನೆಂಟು ಹತ್ತೊಂಬತ್ತರ ಹುಡುಗರನ್ನು ಅದು ಹೆಸರಿಸಿಯೇ ಹೊರಗಿಟ್ಟಿದೆ. ಅವರಿಗೆ ಆಟಗಾರರ ಸಂಘದಲ್ಲಿ ಜಾಗ ಸಿಕ್ಕಿದ್ದು 2022ರಲ್ಲಿ.