ಜೀವಕೋಶದ ಕೊಬ್ಬೂ ಅಡುಗೆಮನೆಯ ಎಣ್ಣೆಯೂ

ಚರ್ಮದ ಕ್ಯಾನ್ಸರ್ ಹರಡುವುದರಲ್ಲಿ ಕೊಬ್ಬಿನ ಪಾತ್ರವಿದೆ ಎಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡತೊಡಗಿದ ಮೇಲೆ, ಮುಂಬೈಯ ಮಾಟುಂಗದ ನನ್ನ ಕ್ಲಿನಿಕ್ಕಿಗೆ ಬರುವ ನಮ್ಮವರು ಕುಳಿತ ಕೂಡಲೇ ಕೇಳುವುದು ಒಂದೇ ಪ್ರಶ್ನೆ: "ಡಾಕ್ಟ್ರೇ, ಇನ್ನು ಯಾವ ಎಣ್ಣೆ ಬಳಸಬೇಕು?" ಕಳೆದ ತಿಂಗಳು ಡೊಂಬಿವಲಿಯಿಂದ ಬಂದ ಹಿರಿಯರೊಬ್ಬರ ಮನೆಯಲ್ಲಿ ತುಪ್ಪ, ಶೇಂಗಾ ಎಣ್ಣೆ ಎರಡೂ ನಿಂತು ಎರಡು ತಿಂಗಳಾಗಿತ್ತು. ಆಣಿ ಎಂದುಕೊಂಡು ವರ್ಷಗಟ್ಟಲೆ ಬಿಟ್ಟಿದ್ದ ಅಂಗಾಲಿನ ಕಪ್ಪು ಮಚ್ಚೆಯ ಬಯಾಪ್ಸಿ ವರದಿ ಮಾತ್ರ ಆ ಎರಡು ತಿಂಗಳೂ ಸೊಸೆಯ ಚೀಲದಲ್ಲಿ ಮಡಚಿದಂತೆಯೇ ಇತ್ತು.

ಸುದ್ದಿ ಸುಳ್ಳಲ್ಲ, ಆದರೆ ಅದು ಹೇಳುವುದು ಜೀವಕೋಶದ ಪೊರೆಯ ಕೊಬ್ಬಿನ ವಿಷಯವನ್ನು. ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಕೋಶ ಮೂಲ ಗಡ್ಡೆಯಿಂದ ಕಳಚಿ ರಕ್ತಕ್ಕೆ ಬಿದ್ದಾಗ, ಅಲ್ಲಿನ ಆಮ್ಲಜನಕ ಮತ್ತು ಕಬ್ಬಿಣದ ದೆಸೆಯಿಂದ ಪೊರೆಯಲ್ಲಿರುವ ಬಹು ಅಪರ್ಯಾಪ್ತ (ಹಲವು ಜೋಡಿಬಂಧಗಳಿರುವ) ಕೊಬ್ಬಿನಾಮ್ಲಗಳು, ಹಳೆಯ ಎಣ್ಣೆ ಕಮಟು ಹಿಡಿಯುವ ಹಾಗೆ, ಕೆಡುತ್ತವೆ. ಪೊರೆ ಹರಿದು ಕೋಶ ಸಾಯುತ್ತದೆ. 2012ರಲ್ಲಿ ಈ ಸಾವಿಗೆ ಫೆರಾಪ್ಟೋಸಿಸ್ ಎಂದು ಹೆಸರಿಟ್ಟರು. ಆದರೆ ಅದೇ ಕೋಶ ಮೊದಲು ದುಗ್ಧರಸ (ಲಿಂಫ್) ಹರಿಯುವ ದುಗ್ಧನಾಳದಲ್ಲಿ ಸಾಗಿದರೆ, ಅಲ್ಲಿ ಹೇರಳವಾಗಿರುವ ಓಲಿಯಿಕ್ ಆಮ್ಲವೆಂಬ ಕೊಬ್ಬಿನಾಮ್ಲವನ್ನು ತನ್ನ ಪೊರೆಗೆ ಸೇರಿಸಿಕೊಳ್ಳುತ್ತದೆ. ಒಂದೇ ಜೋಡಿಬಂಧವಿರುವ ಆ ಆಮ್ಲ ಸುಲಭಕ್ಕೆ ಕೆಡುವುದಿಲ್ಲವಾದ್ದರಿಂದ, ಆಮೇಲೆ ರಕ್ತಕ್ಕೆ ಇಳಿದರೂ ಕೋಶ ಬದುಕುಳಿಯುತ್ತದೆ. ಡಲ್ಲಾಸ್‌ನ ಸಂಶೋಧಕರು 2020ರಲ್ಲಿ ಇದನ್ನು ಇಲಿಗಳಲ್ಲಿ ತೋರಿಸಿದರು.

ಶೇಂಗಾ ಎಣ್ಣೆಯಲ್ಲೂ ಓಲಿಯಿಕ್ ಆಮ್ಲವಿದೆ, ನಿಜ. ಆದರೆ ನೀವು ಒಂದು ಹನಿ ಎಣ್ಣೆ ಮುಟ್ಟದಿದ್ದರೂ ದೇಹ ಅದನ್ನು ಸ್ಟಿಯರಿಕ್ ಆಮ್ಲವೆಂಬ ಇನ್ನೊಂದು ಕೊಬ್ಬಿನಾಮ್ಲದಿಂದ ತಾನೇ ತಯಾರಿಸಿಕೊಳ್ಳುತ್ತದೆ. ನಮ್ಮ ಮೈಯ ಕೊಬ್ಬಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಶೇಖರವಾಗಿರುವುದೂ ಅದೇ. ಚರ್ಮದ ಕೆಳಗಿನ ಕೊಬ್ಬಿನ ಕೋಶಗಳು ಪಕ್ಕದ ಗಡ್ಡೆಗೆ ಕೊಬ್ಬಿನಾಮ್ಲಗಳನ್ನು ನೇರವಾಗಿ ದಾಟಿಸುವುದೂ ಉಂಟು. ಹಾಗಾಗಿ ಒಗ್ಗರಣೆ ನಿಲ್ಲಿಸಿ ಗಡ್ಡೆಯನ್ನು ಉಪವಾಸ ಕೆಡವಲು ಬರುವುದಿಲ್ಲ. ಆಹಾರಕ್ಕೂ ಕ್ಯಾನ್ಸರ್ ಹರಡುವುದಕ್ಕೂ ನಂಟೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಇಲಿಗಳ ಪ್ರಯೋಗವನ್ನು ನೋಡಿ ನಿಮಗೆ ಎಣ್ಣೆ ಬರೆದುಕೊಡಲಾರೆ ಎನ್ನುತ್ತಿದ್ದೇನೆ.

ನನಗೆ ನಿಜವಾಗಿ ಆತಂಕವಾದದ್ದು ಸೊಸೆಯ ಅದೇ ಚೀಲದಿಂದ ಹೊರಬಂದ ಆಂಟಿಆಕ್ಸಿಡೆಂಟ್ ಮಾತ್ರೆಗಳ ಡಬ್ಬಿಯಿಂದ. ಕಮಟು ತಡೆಯುವ ವಸ್ತು ಗಡ್ಡೆಯ ಕೋಶವನ್ನೂ ಕಾಪಾಡಬಹುದಲ್ಲವೇ? 2015ರಲ್ಲಿ ಎನ್-ಅಸಿಟೈಲ್ ಸಿಸ್ಟೀನ್ ಎಂಬ ಆಂಟಿಆಕ್ಸಿಡೆಂಟ್ ಕೊಟ್ಟ ಇಲಿಗಳಲ್ಲಿ ಮೆಲನೋಮ ಹೆಚ್ಚು ಹರಡಿತ್ತು. ಮನುಷ್ಯರಲ್ಲಿ ಹಾಗೆಯೇ ಆಗುತ್ತದೆಂದು ಹೇಳಲಾಗದು, ಆದರೂ ಚಿಕಿತ್ಸಕರನ್ನು ಕೇಳದೆ ದಯವಿಟ್ಟು ಅವನ್ನು ನುಂಗಬೇಡಿ.

ವರದಿಯನ್ನು ಬಿಡಿಸಿ ಓದಿದೆ. ಗಡ್ಡೆ 1.6 ಮಿಲಿಮೀಟರ್ ಆಳಕ್ಕೆ ಇಳಿದಿತ್ತು. 1970ರಲ್ಲಿ ಅಮೆರಿಕದ ರೋಗಶಾಸ್ತ್ರಜ್ಞ ಬ್ರೆಸ್ಲೋ ತೋರಿಸಿಕೊಟ್ಟಂತೆ, ಮುಂದಿನ ದಾರಿಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಈ ಅಳತೆಯೇ. ಅಂಗಾಲಿನ ಗಡ್ಡೆಯನ್ನು ಸುತ್ತಲಿನ ಚರ್ಮದೊಂದಿಗೆ ತೆಗೆಯಬೇಕು, ತೊಡೆಸಂದಿನ ಮೊದಲ ದುಗ್ಧಗ್ರಂಥಿಯನ್ನೂ ಪರೀಕ್ಷಿಸಬೇಕು ಎಂದು ವಿವರಿಸಿ, ಅದೇ ವಾರದ ದಿನಾಂಕ ಬರೆದುಕೊಟ್ಟೆ. ಹಿರಿಯರು ನಿಧಾನವಾಗಿ ಕಾಲುಚೀಲ ಹಾಕಿಕೊಳ್ಳುತ್ತಿದ್ದರು. "ಹಾಗಾದರೆ ಮಾವನ ಊಟಕ್ಕೆ ತುಪ್ಪ ಬಡಿಸಬಹುದಾ, ಡಾಕ್ಟ್ರೇ?" ಎಂದು ಸೊಸೆ ಕೇಳಿದರು. ಬಡಿಸಿ ಎಂದೆ.