ಶತ್ರು ಜಪಾನ್ ಒಂದೇ ಆಗಿದ್ದರೆ: ಬ್ರಿಟನ್ನಿನ ಯುದ್ಧನೌಕೆಗಳ ಪರ್ಯಾಯ ಇತಿಹಾಸ – ಅಧ್ಯಯನ ಟಿಪ್ಪಣಿ

ಪ್ರಶ್ನೆ ಇಷ್ಟು. 1930ರ ದಶಕದಲ್ಲಿ ಜರ್ಮನಿ, ಇಟಲಿಗಳ ಭಯವಿಲ್ಲದೆ, ಜಪಾನ್ ಒಂದನ್ನೇ ಎದುರಿಸಬೇಕಾಗಿ ಬಂದಿದ್ದರೆ ಬ್ರಿಟಿಷ್ ನೌಕಾಪಡೆ ಯಾವ ಹಡಗುಗಳನ್ನು ಕಟ್ಟುತ್ತಿತ್ತು? ಈ ವಿಷಯಕ್ಕೆ ಕೈ ಹಾಕುವವರು ಸಾಮಾನ್ಯವಾಗಿ ನೇರವಾಗಿ ದೊಡ್ಡ ಫಿರಂಗಿಗಳಿಗೆ ಹೋಗುತ್ತಾರೆ. 16 ಅಂಗುಲದ ಒಂಬತ್ತು ಫಿರಂಗಿಗಳಿರುವ ಹಡಗು ಎಷ್ಟು, ಜಪಾನಿನ ದೈತ್ಯ ಯುದ್ಧನೌಕೆ ಯಮಾಟೋಗೆ ಜೋಡಿ ಯಾವುದು ಎಂದು ಪಟ್ಟಿ ಬೆಳೆಯುತ್ತದೆ. ಅದಕ್ಕೂ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಬೇಕು: ಆ ಹಡಗಿಗೆ ಯಾವ ವರ್ಷ ಆರ್ಡರ್ ಕೊಡಬಹುದಿತ್ತು? ಅದರ ಫಿರಂಗಿ, ಕವಚಗಳನ್ನು ಮಾಡಿಕೊಡುವವರು ಯಾರು? ಅದಕ್ಕೆ ಎಣ್ಣೆ ಎಲ್ಲಿ ಸಿಗುತ್ತದೆ? ಈ ಮೂರಕ್ಕೂ ಉತ್ತರ ಹುಡುಕುತ್ತಾ ಹೋದಂತೆ ನನಗೆ ಸ್ಪಷ್ಟವಾದದ್ದು ಒಂದೇ. ಪೆಸಿಫಿಕ್ ಯುದ್ಧಕ್ಕೆ ಬ್ರಿಟನ್ನಿಗೆ ನಿಜವಾಗಿ ಕೊರತೆಯಿದ್ದದ್ದು ಯುದ್ಧನೌಕೆಗಳದ್ದಲ್ಲ. ಎಣ್ಣೆ ಹೊರುವ ಟ್ಯಾಂಕರ್, ತೇಲುವ ಡಾಕ್ (ಹಡಗನ್ನು ನೀರಿನಿಂದ ಮೇಲೆತ್ತಿ ರಿಪೇರಿ ಮಾಡುವ ತೇಲುಕಟ್ಟೆ), ರಿಪೇರಿ ಹಡಗು ಮತ್ತು ಒಳ್ಳೆಯ ನೌಕಾ ವಿಮಾನಗಳದ್ದು. ಇವುಗಳಲ್ಲಿ ಯಾವುದನ್ನೂ ಕಟ್ಟಬಾರದೆಂದು ಯಾವ ಒಪ್ಪಂದವೂ ತಡೆದಿರಲಿಲ್ಲ.

ಕ್ಯಾಲೆಂಡರ್ ಹೇಳುವುದು

1922ರ ವಾಷಿಂಗ್ಟನ್ ಒಪ್ಪಂದ ಬ್ರಿಟನ್ ಮತ್ತು ಅಮೆರಿಕಕ್ಕೆ ತಲಾ 5,25,000 ಟನ್ ಯುದ್ಧನೌಕೆ, ಜಪಾನಿಗೆ 3,15,000 ಟನ್ ಎಂದು ಹಂಚಿತು. ಹತ್ತು ವರ್ಷ ಹೊಸ ಯುದ್ಧನೌಕೆ ಕಟ್ಟಬಾರದು ಎಂದೂ ಹೇಳಿತು. ಬ್ರಿಟನ್ನಿಗೆ ನೆಲ್ಸನ್, ರಾಡ್ನಿ ಎಂಬ ಎರಡು ಹಡಗುಗಳಿಗೆ ಮಾತ್ರ ವಿನಾಯಿತಿ ಸಿಕ್ಕಿತು. 1930ರ ಲಂಡನ್ ಒಪ್ಪಂದ ಆ ನಿಷೇಧವನ್ನು 1936ರ ಕೊನೆಯವರೆಗೆ ಎಳೆಯಿತು. ಹಾಗಾಗಿ ಕಿಂಗ್ ಜಾರ್ಜ್ ದಿ ಫಿಫ್ತ್ ಮತ್ತು ಪ್ರಿನ್ಸ್ ಆಫ್ ವೇಲ್ಸ್ ಯುದ್ಧನೌಕೆಗಳೆರಡರ ಕೆಲಸವೂ ಆರಂಭವಾದದ್ದು 1937ರ ಜನವರಿ 1ರಂದು, ಅನುಮತಿಯ ಮೊದಲ ದಿನವೇ. ಮೊದಲನೆಯದು ಸೇವೆಗೆ ಬಂದದ್ದು 1940ರ ಡಿಸೆಂಬರಿನಲ್ಲಿ. ಹೆಚ್ಚುಕಡಿಮೆ ನಾಲ್ಕು ವರ್ಷ ಹಿಡಿಯಿತು. ವಿಮಾನವಾಹಕ ನೌಕೆ ಇಲಸ್ಟ್ರಿಯಸ್‌ಗೆ ಮೂರು ವರ್ಷ ಬೇಕಾಯಿತು.

ಅಂದರೆ ಪರ್ಯಾಯ ಇತಿಹಾಸದ ತಿರುವನ್ನು 1939ರಲ್ಲಿ ಇಟ್ಟರೆ ಹಡಗುಗಳಲ್ಲಿ ಬದಲಾವಣೆ ಏನೂ ಕಾಣುವುದಿಲ್ಲ. 1941ರ ಕೊನೆಯಲ್ಲಿ ಕಾದಾಡುವ ಹಡಗುಗಳು 1937ರ ಹೊತ್ತಿಗೇ ಕಾಗದದ ಮೇಲೆ ಗಟ್ಟಿಯಾಗಿದ್ದವು. ತಿರುವು 1933-34ರಲ್ಲೇ ಇರಬೇಕು. ಅದೃಷ್ಟಕ್ಕೆ ಆಗ ಒಂದು ನಿಜವಾದ ಕವಲುದಾರಿ ಇತ್ತು. ಬ್ರಿಟಿಷ್ ಸರ್ಕಾರದ ರಕ್ಷಣಾ ಅಗತ್ಯಗಳ ಸಮಿತಿ ಆಗ ಕೂತು, ತಕ್ಷಣದ ಅಪಾಯ ಜಪಾನ್, ಆದರೆ ಕೊನೆಗೆ ದೊಡ್ಡ ಶತ್ರು ಜರ್ಮನಿ ಎಂದು ತೀರ್ಮಾನಿಸಿತು. ಖಜಾನೆಯ ಹೊಣೆ ಹೊತ್ತಿದ್ದ ನೆವಿಲ್ ಚೇಂಬರ್ಲೇನ್ ನೌಕಾಪಡೆಯ ಪಾಲು ಕಡಿಮೆ ಮಾಡಿ ವಾಯುಪಡೆಗೆ ಕೊಡಲು ಒತ್ತಾಯಿಸಿದರು. ಜರ್ಮನಿ ಚಿತ್ರದಲ್ಲೇ ಇಲ್ಲದಿದ್ದರೆ ಈ ವಾದಕ್ಕೆ ಬುಡವೇ ಇರುವುದಿಲ್ಲ. ಬಾಂಬರ್‌ಗಳಿಗೆ ಹೋದ ಹಣದ ದೊಡ್ಡ ಭಾಗ ಹಡಗುಗಳಿಗೆ ಬರುತ್ತಿತ್ತು. ನಮ್ಮ ಊಹೆ ನಿಲ್ಲಬೇಕಾದ ಜಾಗ ಇದು.

ಹಣವಿದ್ದರೆ ಸಾಲದು

ಹೆಚ್ಚಿನವರು ಹಾರಿಸಿಬಿಡುವ ಭಾಗ ಇದಾದ್ದರಿಂದ ಸ್ವಲ್ಪ ನಿಧಾನಿಸೋಣ. ಹಡಗಿನ ಒಡಲನ್ನು ಅನೇಕ ಯಾರ್ಡ್‌ಗಳು ಕಟ್ಟಬಲ್ಲವು. ಆದರೆ ಭಾರಿ ಫಿರಂಗಿಗಳನ್ನು ಹೊತ್ತು ತಿರುಗುವ ಟರೆಟ್‌ಗಳನ್ನು ಮಾಡಬಲ್ಲ ಜಾಗಗಳು ಬೆರಳೆಣಿಕೆಯಷ್ಟು. ಬ್ಯಾರೋ ಮತ್ತು ಎಲ್ಸ್‌ವಿಕ್‌ನ ವಿಕರ್ಸ್-ಆರ್ಮ್‌ಸ್ಟ್ರಾಂಗ್ ಕಾರ್ಖಾನೆಗಳೇ ಅವುಗಳಲ್ಲಿ ಮುಖ್ಯ. ಹದಿನೈದು ವರ್ಷ ಆರ್ಡರ್ ಇಲ್ಲದೆ ಆ ಕಸುಬಿನವರು ಚದುರಿಹೋಗಿದ್ದರು. 1941ರ ಮೇ ತಿಂಗಳಲ್ಲಿ ಜರ್ಮನಿಯ ಯುದ್ಧನೌಕೆ ಬಿಸ್ಮಾರ್ಕ್ ವಿರುದ್ಧ ಹೋದ ಪ್ರಿನ್ಸ್ ಆಫ್ ವೇಲ್ಸ್ ಹಡಗಿನಲ್ಲಿ ಕಾರ್ಖಾನೆಯ ಕೆಲಸಗಾರರು ಇನ್ನೂ ಟರೆಟ್ ರಿಪೇರಿ ಮಾಡುತ್ತಲೇ ಇದ್ದರು. ಉಕ್ಕಿನ ಕವಚದ ಕಥೆಯೂ ಹೀಗೆಯೇ. ದೇಶದೊಳಗೆ ಸಾಕಷ್ಟು ಸಿಗದೆ 1938ರಲ್ಲಿ ಬ್ರಿಟನ್ ಚೆಕೊಸ್ಲೊವಾಕಿಯಾದ ವಿಟ್ಕೊವಿಟ್ಸ್ ಕಾರ್ಖಾನೆಯಿಂದ ಕವಚ ತರಿಸಿಕೊಂಡಿತು.

ಆದ್ದರಿಂದ 1934ರಲ್ಲಿ ಹಣದ ಹೊಳೆಯೇ ಹರಿದಿದ್ದರೂ 1941ರ ಹೊತ್ತಿಗೆ ಹೆಚ್ಚುವರಿಯಾಗಿ ಒಂದೆರಡು ಯುದ್ಧನೌಕೆ ಬರುತ್ತಿದ್ದವೇನೋ, ಹತ್ತು ಬರುತ್ತಿರಲಿಲ್ಲ.

ಒಂದು ಕಡೆ ಮಾತ್ರ ಜರ್ಮನಿ ಇಲ್ಲದಿರುವುದರಿಂದ ನೇರ ಲಾಭವಿದೆ. 1936ರ ಎರಡನೆಯ ಲಂಡನ್ ಒಪ್ಪಂದ ಫಿರಂಗಿಯ ಗಾತ್ರವನ್ನು 14 ಅಂಗುಲಕ್ಕೆ ಇಳಿಸಿತು, ಜಪಾನ್ ಸಹಿ ಹಾಕದಿದ್ದರೆ 16ಕ್ಕೆ ಏರಿಸಿಕೊಳ್ಳಬಹುದು ಎಂದಿತು. ಜರ್ಮನಿ, ಇಟಲಿಗಳಲ್ಲಿ ಹೊಸ ಯುದ್ಧನೌಕೆಗಳ ಕೆಲಸ ಶುರುವಾಗಿದ್ದ ಕಾರಣ ಬ್ರಿಟನ್ನಿಗೆ ಕಾಯಲು ಪುರುಸೊತ್ತಿರಲಿಲ್ಲ. 14 ಅಂಗುಲಕ್ಕೇ ಆರ್ಡರ್ ಕೊಟ್ಟು ಮುಂದೆ ಹೋಯಿತು. ಅಮೆರಿಕ ಕಾದು ನೋಡಿ ನಾರ್ತ್ ಕರೋಲಿನಾದ ವಿನ್ಯಾಸವನ್ನು 16 ಅಂಗುಲಕ್ಕೆ ಬದಲಿಸಿತು. ಶತ್ರು ಜಪಾನ್ ಒಂದೇ ಆಗಿದ್ದರೆ ಬ್ರಿಟನ್ನೂ ಒಂದು ವರ್ಷ ಕಾಯಬಹುದಿತ್ತು. 1939ರಲ್ಲಿ ಆರಂಭವಾಗಿ ಯುದ್ಧದಿಂದ ನಿಂತುಹೋದ ಲಯನ್ ದರ್ಜೆಯ 16 ಅಂಗುಲದ ಹಡಗುಗಳು ಆಗ ಬೇಗ ಬರುತ್ತಿದ್ದವು. ಹಳೆಯ 15 ಅಂಗುಲದ ಟರೆಟ್‌ಗಳನ್ನು ಉಗ್ರಾಣದಿಂದ ತೆಗೆದು ಕಟ್ಟಿದ ವ್ಯಾನ್‌ಗಾರ್ಡ್ ಕೂಡ ಮೂಲದಲ್ಲಿ ದೂರಪ್ರಾಚ್ಯಕ್ಕಾಗಿಯೇ ಹುಟ್ಟಿದ ಯೋಜನೆ. ಟರೆಟ್ ಕೊರತೆಯನ್ನು ಸುತ್ತಿಹೋಗಲು ಅದು ಒಳ್ಳೆಯ ದಾರಿಯಾಗಿತ್ತು. ಆದರೆ ಕೆಲಸ ಆರಂಭವಾದದ್ದು 1941ರಲ್ಲಿ, ಮುಗಿದದ್ದು 1946ರಲ್ಲಿ.

ಎಣ್ಣೆ ಮತ್ತು ದೂರ

ಪೋರ್ಟ್ಸ್‌ಮತ್‌ನಿಂದ ಸೂಯೆಜ್ ಮೂಲಕ ಸಿಂಗಾಪುರಕ್ಕೆ ಸುಮಾರು 8,000 ನಾಟಿಕಲ್ ಮೈಲಿ. ದಾರಿಯುದ್ದಕ್ಕೂ ಜಿಬ್ರಾಲ್ಟರ್, ಮಾಲ್ಟಾ, ಏಡನ್, ಟ್ರಿಂಕೋಮಲಿ ಎಂದು ಬ್ರಿಟನ್ನಿನದೇ ಬಂದರುಗಳು. ಈ ಸರಪಳಿಯೇ ಬ್ರಿಟಿಷ್ ವಿನ್ಯಾಸಕಾರರ ಯೋಚನೆಯನ್ನು ರೂಪಿಸಿತು. ಹಡಗು ಬಂದರಿನಿಂದ ಬಂದರಿಗೆ ತಲುಪಿದರೆ ಸಾಕು, ಅಷ್ಟೇ ಎಣ್ಣೆ. ಅಮೆರಿಕದವರಿಗೆ ಈ ಭಾಗ್ಯ ಇರಲಿಲ್ಲ. ಸ್ಯಾನ್ ಡಿಯಾಗೋದಿಂದ ಹೊರಟು ಬರಿಯ ಸಮುದ್ರ ದಾಟಬೇಕೆಂಬ ಲೆಕ್ಕದಲ್ಲೇ ಅವರು ಹೆಚ್ಚು ಒತ್ತಡ, ಹೆಚ್ಚು ಉಷ್ಣತೆಯ ಉಗಿಯಂತ್ರಗಳನ್ನು ಬೆಳೆಸಿದರು, ಎಣ್ಣೆ ಉಳಿಸಿದರು. ಬ್ರಿಟನ್ನಿನ ಇಕ್ಕಟ್ಟು ಅಟ್ಲಾಂಟಿಕ್‌ನಲ್ಲೇ ಕಂಡಿತು. ಬಿಸ್ಮಾರ್ಕನ್ನು ಮುಳುಗಿಸಿದ ದಿನ ಕಿಂಗ್ ಜಾರ್ಜ್ ದಿ ಫಿಫ್ತ್ ಎಣ್ಣೆ ತೀರುತ್ತಾ ಬಂದು ಮನೆ ಕಡೆ ತಿರುಗಬೇಕಾಯಿತು.

ಈ ಸರಪಳಿಯ ಕೊನೆಯ ಕೊಂಡಿ ಸಿಂಗಾಪುರ. 1921ರಲ್ಲಿ ನೆಲೆ ಕಟ್ಟುವ ತೀರ್ಮಾನವಾಯಿತು, 1924ರಲ್ಲಿ ಲೇಬರ್ ಸರ್ಕಾರ ನಿಲ್ಲಿಸಿತು, ಮತ್ತೆ ಶುರುವಾಯಿತು, ಮತ್ತೆ ನಿಧಾನಿಸಿತು. 1928ರಲ್ಲಿ ಭಾರಿ ತೇಲುವ ಡಾಕ್ ಒಂದನ್ನು ಇಂಗ್ಲೆಂಡಿನಿಂದ ಸೂಯೆಜ್ ದಾಟಿಸಿ ಎಳೆದು ತಂದರು. ಸಾವಿರ ಅಡಿ ಉದ್ದದ ಡ್ರೈ ಡಾಕ್‌ನೊಂದಿಗೆ ನೆಲೆ ಉದ್ಘಾಟನೆಯಾದದ್ದು 1938ರ ಫೆಬ್ರವರಿ 14ರಂದು. ಯೋಜನೆಯ ಪ್ರಕಾರ ಅಪಾಯ ಬಂದಾಗ ಮುಖ್ಯ ನೌಕಾಪಡೆ ಮನೆಯಿಂದ ಹೊರಟು ಬರಬೇಕು, ಅಲ್ಲಿಯವರೆಗೆ ಸಿಂಗಾಪುರ ತಡೆದುಕೊಳ್ಳಬೇಕು. ಮೊದಲ ಲೆಕ್ಕದಲ್ಲಿ 42 ದಿನ. 1939ರಲ್ಲಿ ಅದು 90 ದಿನವಾಯಿತು, ಯುರೋಪಿನಲ್ಲಿ ಯುದ್ಧ ಹತ್ತಿದ ಮೇಲೆ 180. ಜರ್ಮನಿ ಇಲ್ಲದ ಜಗತ್ತಿನಲ್ಲಿ ಈ ದಿನಗಳ ಲೆಕ್ಕವೇ ಬೇಡವಾಗುತ್ತಿತ್ತು, ಏಕೆಂದರೆ ನೌಕಾಪಡೆ ಮೊದಲೇ ಅಲ್ಲಿ ಬಂದು ನಿಂತಿರುತ್ತಿತ್ತು. 1919ರಲ್ಲಿ ಅಡ್ಮಿರಲ್ ಜೆಲಿಕೊ ಸಾಮ್ರಾಜ್ಯದ ಪ್ರವಾಸದಲ್ಲಿದ್ದಾಗ ಸಲಹೆ ಕೊಟ್ಟದ್ದೂ ಇದನ್ನೇ: ಪೂರ್ವದಲ್ಲಿ ಕಾಯಂ ಆಗಿ ಎಂಟು ಯುದ್ಧನೌಕೆ, ಎಂಟು ಬ್ಯಾಟಲ್‌ಕ್ರೂಸರ್ (ದೊಡ್ಡ ಫಿರಂಗಿಯ, ಕವಚ ಕಡಿಮೆ, ವೇಗ ಹೆಚ್ಚಿನ ಹಡಗು). ಖರ್ಚು ನೋಡಿ ಲಂಡನ್ ಅದನ್ನು ಬದಿಗಿಟ್ಟಿತು.

ಆದರೆ ಸಿಂಗಾಪುರದಿಂದ ಜಪಾನ್ ಇನ್ನೂ ಸುಮಾರು 3,000 ಮೈಲಿ. ಅಲ್ಲಿಂದಾಚೆಗೆ ಸರಪಳಿ ಇಲ್ಲ, ಹಾಂಕಾಂಗ್ ಉಳಿಯುವ ಭರವಸೆಯೂ ಇಲ್ಲ. ಸಮುದ್ರದಲ್ಲೇ ಎಣ್ಣೆ ತುಂಬಿಸಿಕೊಳ್ಳಬೇಕು. 1945ರಲ್ಲಿ ಅಡ್ಮಿರಲ್ ಬ್ರೂಸ್ ಫ್ರೇಸರ್ ಅವರ ಬ್ರಿಟಿಷ್ ಪೆಸಿಫಿಕ್ ಪಡೆ ಸಿಡ್ನಿಯನ್ನು ಹಿಂದಿನ ನೆಲೆಯಾಗಿ, ಮಾನುಸ್ ದ್ವೀಪವನ್ನು ಮುಂದಿನ ನೆಲೆಯಾಗಿ ಇಟ್ಟುಕೊಂಡು ಓಕಿನಾವಾ ಕಾಳಗಕ್ಕೆ ಹೋದಾಗ ಈ ಕೊರತೆ ಬಯಲಾಯಿತು. ಅವಸರದಲ್ಲಿ ಕೂಡಿಸಿದ ಸರಬರಾಜು ಹಡಗುಗಳು, ನಿಧಾನದ ಟ್ಯಾಂಕರ್‌ಗಳು. ಅಮೆರಿಕದವರು ಎರಡು ಹಡಗು ಅಕ್ಕಪಕ್ಕ ಓಡುತ್ತಲೇ ಎಣ್ಣೆ ತುಂಬಿಸುವಾಗ ಬ್ರಿಟಿಷರು ಬಹುಮಟ್ಟಿಗೆ ಟ್ಯಾಂಕರಿನ ಹಿಂದೆ ಕೊಳವೆ ತೇಲಿಬಿಟ್ಟು ತುಂಬಿಸುತ್ತಿದ್ದರು. ಅದಕ್ಕೆ ಹೊತ್ತು ಹಿಡಿಯುತ್ತಿತ್ತು. ಉತ್ತರ ಸಮುದ್ರದ ಚಳಿಗೆ ಹೊಂದುವಂತೆ ಕಟ್ಟಿದ ಹಡಗುಗಳ ಒಳಗೆ ಉಷ್ಣವಲಯದ ಸೆಕೆಯಲ್ಲಿ ನಾವಿಕರು ಬೆಂದುಹೋದರು, ಸಿಹಿನೀರೂ ಸಾಲದಾಯಿತು.

ಇಲ್ಲೇ ನನ್ನ ಮುಖ್ಯ ವಾದ. ಟ್ಯಾಂಕರ್ ಕಟ್ಟಲು ಟರೆಟ್ ಬೇಡ, ಕವಚ ಬೇಡ, ವಾಷಿಂಗ್ಟನ್ನಿನ ಅನುಮತಿ ಬೇಡ. 1930ರ ದಶಕದ ಮೊದಲ ಭಾಗದಲ್ಲಿ ಬ್ರಿಟನ್ನಿನ ಶಿಪ್‌ಯಾರ್ಡ್‌ಗಳು ಕೆಲಸವಿಲ್ಲದೆ ಕೂತಿದ್ದವು. ಹೆಚ್ಚಾದ ಯಾರ್ಡ್‌ಗಳನ್ನು ಕೊಂಡು ಮುಚ್ಚಲೆಂದೇ ಒಂದು ಕಂಪನಿ ಹುಟ್ಟಿಕೊಂಡಿತ್ತು. ಜ್ಯಾರೋದ ಪಾಮರ್ಸ್ ಯಾರ್ಡ್ ಹಾಗೆ ಮುಚ್ಚಿತು, ಮುಂದಿನ 40 ವರ್ಷ ಅಲ್ಲಿ ಹಡಗು ಕಟ್ಟಬಾರದೆಂಬ ಕರಾರಿನೊಂದಿಗೆ. 1936ರ ಅಕ್ಟೋಬರಿನಲ್ಲಿ ಆ ಊರಿನ ಸುಮಾರು 200 ಗಂಡಸರು ಕೆಲಸ ಕೊಡಿ ಎಂದು ಲಂಡನ್ನಿಗೆ ನಡೆದುಕೊಂಡು ಹೋದರು. ಪೆಸಿಫಿಕ್ಕನ್ನೇ ಕಣ್ಣಮುಂದಿಟ್ಟುಕೊಂಡ ಸರ್ಕಾರ 1934ರಲ್ಲಿ ಇದೇ ಕೈಗಳಿಗೆ ವೇಗದ ಟ್ಯಾಂಕರ್, ರಿಪೇರಿ ಹಡಗು, ತೇಲುವ ಡಾಕ್‌ಗಳ ಆರ್ಡರ್ ಕೊಟ್ಟಿದ್ದರೆ 1941ರ ವೇಳೆಗೆ ಸಿಗುತ್ತಿದ್ದ ಬಲ ಎರಡು ಹೆಚ್ಚುವರಿ ಯುದ್ಧನೌಕೆಗಿಂತ ದೊಡ್ಡದು.

ವಿಮಾನವಾಹಕ: ಕವಚ ಬೇಕೇ, ವಿಮಾನ ಬೇಕೇ?

1938ರ ಆರ್ಕ್ ರಾಯಲ್‌ಗೆ ವಿಮಾನ ನಿಲ್ಲಿಸಲು ಎರಡು ಅಂತಸ್ತಿನ ಹ್ಯಾಂಗರ್, ಸುಮಾರು 60 ವಿಮಾನ. ಅದರ ಬೆನ್ನಿಗೇ ಬಂದ ಇಲಸ್ಟ್ರಿಯಸ್‌ಗೆ ಮೂರು ಅಂಗುಲದ ಉಕ್ಕಿನ ಡೆಕ್, ವಿನ್ಯಾಸದ ಪ್ರಕಾರ 36 ವಿಮಾನ. ಈ ತಿರುವಿನ ಹಿಂದಿದ್ದವರು ಅಡ್ಮಿರಲ್ ಹೆಂಡರ್ಸನ್. ಉತ್ತರ ಸಮುದ್ರ, ಮೆಡಿಟರೇನಿಯನ್‌ನಂಥ ಇಕ್ಕಟ್ಟಿನ ನೀರಿನಲ್ಲಿ ದಡದಿಂದ ಬರುವ ಬಾಂಬರ್‌ಗಳನ್ನು ತಪ್ಪಿಸಿಕೊಳ್ಳಲಾಗದು, ತಡೆದುಕೊಳ್ಳಬೇಕು ಎಂಬುದು ಲೆಕ್ಕ. ಪೆಸಿಫಿಕ್ ಮಾತ್ರ ಎಂದಾದರೆ ಆರ್ಕ್ ರಾಯಲ್ ಮಾದರಿಯೇ ಮುಂದುವರಿಯುತ್ತಿತ್ತು ಎಂದು ಬಹಳ ಮಂದಿ ಬರೆಯುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಬ್ರಿಟನ್ನಿನ ಪೆಸಿಫಿಕ್ ಯುದ್ಧ ಶುರುವಾಗುವುದು ವಿಶಾಲ ಸಾಗರದಲ್ಲಿ ಅಲ್ಲ, ದಕ್ಷಿಣ ಚೀನಾ ಸಮುದ್ರದಲ್ಲಿ. 1941ರ ಡಿಸೆಂಬರ್ 10ರಂದು ಪ್ರಿನ್ಸ್ ಆಫ್ ವೇಲ್ಸ್ ಮತ್ತು ರಿಪಲ್ಸ್ ಹಡಗುಗಳನ್ನು ಮುಳುಗಿಸಿ 840 ಜನರನ್ನು ಬಲಿ ತೆಗೆದುಕೊಂಡದ್ದು ಫ್ರೆಂಚ್ ಇಂಡೊಚೈನಾದ ಸೈಗಾನ್ ಸುತ್ತಲಿನ ನೆಲೆಗಳಿಂದ ಎದ್ದ ಜಪಾನಿ ನೌಕಾ ವಿಮಾನಗಳು. ಅದೂ ಇಕ್ಕಟ್ಟಿನ ನೀರೇ.

ಆದರೆ ಇಲ್ಲಿ ಒಂದು ಎಚ್ಚರ. ಜಪಾನ್ ದಕ್ಷಿಣ ಇಂಡೊಚೈನಾಗೆ ಕಾಲಿಟ್ಟದ್ದು 1941ರ ಜುಲೈಯಲ್ಲಿ. 1940ರಲ್ಲಿ ಫ್ರಾನ್ಸ್ ಜರ್ಮನಿಗೆ ಸೋತಿದ್ದರಿಂದಲೇ ಅದು ಸಾಧ್ಯವಾಯಿತು. ನಮ್ಮ ಊಹೆಯಲ್ಲಿ ಫ್ರಾನ್ಸ್ ಸೋತಿಲ್ಲ, ಹಾಗಾಗಿ ಸೈಗಾನ್ ಜಪಾನಿನ ಕೈಯಲ್ಲಿಲ್ಲ. ಹಡಗುಗಳನ್ನು ಬದಲಿಸಿ ನಕ್ಷೆಯನ್ನು ಹಾಗೇ ಬಿಡುವುದು ಇಂಥ ಅಭ್ಯಾಸಗಳಲ್ಲಿ ಪದೇ ಪದೇ ಕಾಣುವ ದೋಷ. ಯುದ್ಧ ಹೊತ್ತಿಕೊಳ್ಳಲು ಬೇರೆ ಕಿಡಿ ಬೇಕು. 1939ರ ಜೂನ್‌ನಲ್ಲಿ ಚೀನಾದ ಟಿಯೆಂಟ್ಸಿನ್‌ನ ಬ್ರಿಟಿಷ್ ವಸಾಹತನ್ನು ಜಪಾನಿ ಸೇನೆ ಸುತ್ತುಗಟ್ಟಿದ ಪ್ರಸಂಗ ನನಗೆ ಎಲ್ಲಕ್ಕಿಂತ ಸಹಜವಾಗಿ ಕಾಣುತ್ತದೆ. ಆಗ ಜಪಾನಿನ ಮುಂದಿನ ನೆಲೆ ಆ ವರ್ಷದ ಫೆಬ್ರವರಿಯಲ್ಲಿ ಹಿಡಿದ ಹೈನಾನ್ ದ್ವೀಪ.

ಡೆಕ್ಕಿಗಿಂತ ದೊಡ್ಡ ತೊಂದರೆ ಅದರ ಮೇಲೆ ನಿಲ್ಲುವ ವಿಮಾನಗಳದ್ದು. 1918ರಲ್ಲಿ ಸಮತಟ್ಟು ಡೆಕ್ಕಿನ ಆರ್ಗಸ್ ಹಡಗನ್ನು ಜಗತ್ತಿಗೆ ಕೊಟ್ಟ ನೌಕಾಪಡೆ, 1921ರಲ್ಲಿ ಸೆಂಪಿಲ್ ತಂಡದ ಮೂಲಕ ಜಪಾನಿಗೆ ಹಾರಾಟ ಕಲಿಸಿದ ದೇಶ, ತನ್ನ ನೌಕಾ ವಿಮಾನಗಳನ್ನು ವಾಯುಪಡೆಯ ಕೈಗೆ ಕೊಟ್ಟು ಕೂತಿತ್ತು. ಅವು ನೌಕಾಪಡೆಗೆ ಮರಳಿದ್ದು 1939ರ ಮೇ ತಿಂಗಳಲ್ಲಿ. ವಾಯುಪಡೆಗೆ ಬರ್ಲಿನ್ ಮೇಲೆ ಬಾಂಬ್ ಹಾಕುವುದು ಮುಖ್ಯವಾಗಿತ್ತು, ಸಮುದ್ರದ ವಿಮಾನ ಕೊನೆಯ ಸಾಲಿನಲ್ಲಿತ್ತು. ನನ್ನ ಪಟ್ಟಿಯಲ್ಲಿ 1934ರ ಮೊದಲ ಬದಲಾವಣೆ ಈ ಹಸ್ತಾಂತರ. ಶಿಪ್‌ಯಾರ್ಡಿಗೆ ಒಂದು ಪೈಸೆ ಖರ್ಚಿಲ್ಲ.

ಉಳಿಯುವುದು, ಹುಟ್ಟದೇ ಹೋಗುವುದು

ಜರ್ಮನ್ ಸಬ್‌ಮರೀನ್‌ಗಳ ವಿರುದ್ಧದ ಅಟ್ಲಾಂಟಿಕ್ ಕಾಳಗವಿಲ್ಲದಿದ್ದರೆ 200ಕ್ಕೂ ಹೆಚ್ಚು ಫ್ಲವರ್ ದರ್ಜೆಯ ಕಾರ್ವೆಟ್‌ಗಳು (ಸಣ್ಣ ಬೆಂಗಾವಲು ಹಡಗುಗಳು) ಬೇಡ. ದೂರ ಹೋಗಲಾರದ ಹಂಟ್ ದರ್ಜೆಯ 86 ಡಿಸ್ಟ್ರಾಯರ್‌ಗಳಲ್ಲಿ ಬಹುಪಾಲು ಬೇಡ. 1942ರಲ್ಲಿ ಪೆಸಿಫಿಕ್ಕಿಗೆಂದೇ ಯೋಜಿಸಿದ ಬ್ಯಾಟಲ್ ದರ್ಜೆಯ ದೊಡ್ಡ ಡಿಸ್ಟ್ರಾಯರ್, ದೂರ ಸಾಗುವ ಎ ದರ್ಜೆಯ ಸಬ್‌ಮರೀನ್‌ಗಳು ಐದಾರು ವರ್ಷ ಮೊದಲೇ ಬರುತ್ತಿದ್ದವು. 1920ರ ದಶಕದ ಕೌಂಟಿ ದರ್ಜೆಯ ಕ್ರೂಸರ್‌ಗಳು ಬಹಳ ದೂರ ಹೋಗಬಲ್ಲವು, ಅವು ಈ ಯುದ್ಧಕ್ಕೆ ಆಗಲೇ ಸಿದ್ಧ.

ದೊಡ್ಡ ಲಾಭ ಕಟ್ಟಿದ್ದರಲ್ಲಿ ಅಲ್ಲ, ಕಳೆದುಕೊಳ್ಳದ್ದರಲ್ಲಿ. ವಿಮಾನವಾಹಕಗಳಾದ ಕರೇಜಿಯಸ್, ಗ್ಲೋರಿಯಸ್, ಆರ್ಕ್ ರಾಯಲ್, ದೊಡ್ಡ ಫಿರಂಗಿಯ ಹಡಗುಗಳಾದ ರಾಯಲ್ ಓಕ್, ಹುಡ್, ಬಾರ್ಹಮ್, ಎಲ್ಲವೂ 1939 ಮತ್ತು 1941ರ ನಡುವೆ ಯುರೋಪಿನ ಯುದ್ಧದಲ್ಲೇ ಮುಳುಗಿದವು. ಅವೆಲ್ಲ ಉಳಿದು, ಹಳೆಯ ಏಳು ವಿಮಾನವಾಹಕಗಳ ಜೊತೆ ಇಲಸ್ಟ್ರಿಯಸ್ ಮಾದರಿಯ ನಾಲ್ಕು ಸೇರಿದರೆ ಸಂಖ್ಯೆಯಲ್ಲಿ ಜಪಾನಿಗೆ ಸಮ. ಒಟ್ಟು ವಿಮಾನಗಳಲ್ಲಿ ಮಾತ್ರ ಹಿಂದೆ. ಆದರೂ 1942ರ ಏಪ್ರಿಲ್‌ನಲ್ಲಿ ಅಡ್ಮಿರಲ್ ಸಾಮರ್‌ವಿಲ್ ನೀರಿಗೂ ಎಣ್ಣೆಗೂ ಪರದಾಡುವ ನಾಲ್ಕು ಹಳೆಯ ಆರ್ ದರ್ಜೆಯ ಹಡಗುಗಳನ್ನು ಕಟ್ಟಿಕೊಂಡು ಸಿಲೋನ್ ಕಾಯಬೇಕಾದ ಸ್ಥಿತಿಗೂ ಇದಕ್ಕೂ ಅಜಗಜಾಂತರ.

ನಮ್ಮ ಕಡೆಗೆ ಬಂದ ಎರಡು ಹಡಗುಗಳನ್ನು ಈ ಲೆಕ್ಕದಲ್ಲಿ ಇಟ್ಟು ನೋಡಿ. 1957ರಲ್ಲಿ ಭಾರತೀಯ ನೌಕಾಪಡೆ ಸೇರಿದ ಐಎನ್‌ಎಸ್ ಮೈಸೂರು ಮೊದಲು ಎಚ್‌ಎಂಎಸ್ ನೈಜೀರಿಯಾ ಆಗಿತ್ತು. 1936ರ ಒಪ್ಪಂದ ಕ್ರೂಸರ್‌ಗೆ ಹಾಕಿದ 8,000 ಟನ್ ಮಿತಿಯೊಳಗೆ 12 ಫಿರಂಗಿ ತುರುಕಲು ಹೊರಟ ವಿನ್ಯಾಸ ಅದು. ಯುರೋಪ್ ಶಾಂತವಾಗಿದ್ದರೂ ಹುಟ್ಟುತ್ತಿತ್ತು, ಪೂರ್ವಕ್ಕೇ ಬರುತ್ತಿತ್ತು. ಐಎನ್‌ಎಸ್ ವಿಕ್ರಾಂತ್ ಕಥೆ ಬೇರೆ. 1943ರಲ್ಲಿ ಎಚ್‌ಎಂಎಸ್ ಹರ್ಕ್ಯುಲಿಸ್ ಆಗಿ ಆರಂಭವಾದ ಆ ಹಡಗು 1942ರ ತುರ್ತು ವಿನ್ಯಾಸದಿಂದ ಬಂದದ್ದು: ಕವಚವಿಲ್ಲ, ಬಹುಪಾಲು ವ್ಯಾಪಾರಿ ಹಡಗಿನ ಕ್ರಮದ ಒಡಲು, ಬೇಗ ಕಟ್ಟಬಹುದಾದ ಸಣ್ಣ ವಿಮಾನವಾಹಕ. ವಿಮಾನವಾಹಕಗಳು ಒಂದೊಂದಾಗಿ ಮುಳುಗಿದ ಮೇಲೆ ಹೊಳೆದ ಉಪಾಯ ಅದು. ಆ ನಷ್ಟಗಳೇ ಆಗದ ಜಗತ್ತಿನಲ್ಲಿ ಅಂಥ ಹಡಗಿಗೆ ಯಾರೂ ಆರ್ಡರ್ ಕೊಡುತ್ತಿರಲಿಲ್ಲ ಎಂಬುದು ನನ್ನ ಅಂದಾಜು. ಹಾಗಾದರೆ 1971ರಲ್ಲಿ ಬಂಗಾಳ ಕೊಲ್ಲಿಯಲ್ಲಿ ನಮ್ಮ ನೌಕಾಪಡೆ ಯಾವ ಡೆಕ್ಕಿನಿಂದ ವಿಮಾನ ಹಾರಿಸುತ್ತಿತ್ತು ಎಂಬುದು ಬಿಡಿಸಿ ನೋಡಬೇಕಾದ ಮುಂದಿನ ಪ್ರಶ್ನೆ.